ಗ್ರಾಸಿಂಗ್ ಮೇಜಿನ ಚಾಕು ಯಾರ ಕೈಯಲ್ಲಿ?

ಕ್ಯಾನ್ಸರ್ ಖಚಿತವಾಗುವುದು ಸೂಕ್ಷ್ಮದರ್ಶಕದ ಕೆಳಗೆ ಎಂಬ ಮಾತು ನಿಜವೇ, ಆದರೆ ಅರ್ಧ ನಿಜ. ಅದಕ್ಕೂ ಮೊದಲು ಒಂದು ಕೆಲಸ ನಡೆದಿರುತ್ತದೆ. ಅದರ ಸುದ್ದಿ ರೋಗಿಗೆ ಮುಟ್ಟುವುದೇ ಇಲ್ಲ. ಆಪರೇಷನ್ ಥಿಯೇಟರಿನಿಂದ ಫಾರ್ಮಲಿನ್ ಡಬ್ಬಿಯಲ್ಲಿ ಬಂದ ಸ್ತನವನ್ನೋ ಗರ್ಭಕೋಶವನ್ನೋ ನಾಲಿಗೆಯ ತುಂಡನ್ನೋ ಅಳೆದು, ಅಂಚಿಗೆ ಬಣ್ಣ ಬಳಿದು, ಹೋಳು ಮಾಡಿ, ಯಾವ ಭಾಗ ಸ್ಲೈಡಿಗೆ ಹೋಗಬೇಕೆಂದು ಆರಿಸಬೇಕು. ಲ್ಯಾಬಿನವರು ಇದನ್ನು ಗ್ರಾಸಿಂಗ್ ಎನ್ನುತ್ತಾರೆ. ನಮ್ಮ ಕಡೆ ಇದನ್ನು ಮಾಡುವವರು ಪೆಥಾಲಜಿ ಎಂ.ಡಿ. ಓದುತ್ತಿರುವ ಪಿಜಿಗಳು, ಅವರಿಲ್ಲದ ಕಡೆ ಪೆಥಾಲಜಿಸ್ಟರೇ. ಟೆಕ್ನೀಷಿಯನ್ ಪಕ್ಕದಲ್ಲಿ ನಿಂತು, ತುಂಡುಗಳನ್ನಿಡುವ ಕ್ಯಾಸೆಟ್ಟಿನ ಮೇಲೆ ನಂಬರು ಬರೆಯುತ್ತಾರೆ. ಈ ಹಂಚಿಕೆ ಹುಟ್ಟಿದ್ದು ಮೆಡಿಕಲ್ ಕಾಲೇಜಿನ ರೂಢಿಯಿಂದಲೇ ಹೊರತು ಕೆಲಸದ ಸ್ವಭಾವದಿಂದಲ್ಲ ಎಂಬುದು ನನ್ನ ವಾದ. ಹಾಸನದಂಥ ಜಿಲ್ಲೆಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಕಸುಬು ಹೇಗೆ ಬೇರು ಬಿಟ್ಟಿತು ಎಂದು ನೋಡಿದರೆ ಅದಕ್ಕೆ ಬೇಕಾದ ಪುರಾವೆ ಸಿಗುತ್ತದೆ.

ಆ ಕಸುಬು ಇಲ್ಲಿಗೆ ಬಂದದ್ದು ಮಲೇರಿಯಾದ ಬೆನ್ನು ಹತ್ತಿ. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ, ಹಿರಿಯೂರು ಮತ್ತು ಹಾಸನ ಸೀಮೆಗೆ ತಾಗಿಕೊಂಡ ಮೂಡಿಗೆರೆಯಲ್ಲಿ ಮಲೇರಿಯಾ ಕೇಂದ್ರಗಳನ್ನು ನಡೆಸಿತು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಬಂದ ಮೇಲೆ ಜ್ವರ ಬಂದವರ ಬೆರಳು ಚುಚ್ಚಿ ತೆಗೆದ ರಕ್ತಲೇಪ ಓದುವುದೇ ಒಂದು ನೌಕರಿಯಾಯಿತು. ಓದುತ್ತಿದ್ದವರು ವೈದ್ಯರಲ್ಲ. ಅವರನ್ನು ಸುಮ್ಮನೆ ನಂಬಿಬಿಟ್ಟಿದ್ದರು ಎಂದೂ ಅಲ್ಲ: ಪಾಸಿಟಿವ್ ಎಂದ ಸ್ಲೈಡುಗಳನ್ನೆಲ್ಲ, ನೆಗೆಟಿವ್ ಎಂದವುಗಳಲ್ಲಿ ನೂರಕ್ಕೆ ಹತ್ತನ್ನು ಮೇಲಿನ ಪ್ರಯೋಗಾಲಯ ಮತ್ತೆ ನೋಡಬೇಕೆಂಬ ನಿಯಮವಿತ್ತು. ಆಮೇಲೆ ಕ್ಷಯದ ಸರದಿ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿ ರೂಪುಗೊಂಡ ಕಾರ್ಯಕ್ರಮ 1962ರಲ್ಲಿ ದೇಶಕ್ಕೆ ಬಂತು. 1997ರ ಪರಿಷ್ಕೃತ ಕಾರ್ಯಕ್ರಮ ಲಕ್ಷ ಜನಕ್ಕೊಂದು ಕಫ ಪರೀಕ್ಷಾ ಕೇಂದ್ರ ಎಂದು ಲೆಕ್ಕ ಕಟ್ಟಿತು. ತಾಲ್ಲೂಕು ಆಸ್ಪತ್ರೆಯ ಟೆಕ್ನೀಷಿಯನ್ ಕಫದಲ್ಲಿ ಕ್ರಿಮಿ ಇದೆ ಎಂದು ಬರೆದರೆ ಆರು ತಿಂಗಳ ಮಾತ್ರೆ ಶುರುವಾಗುತ್ತಿತ್ತು. ಎರಡು ತಲೆಮಾರು ಈ ಜಿಲ್ಲೆ ತನ್ನ ದೊಡ್ಡ ರೋಗಗಳ ನಿರ್ಣಯವನ್ನು ವೈದ್ಯರಲ್ಲದವರ ಕಣ್ಣಿಗೆ ಒಪ್ಪಿಸಿದೆ, ಹಿಂದೆ ಒಂದು ಮರುಪರೀಕ್ಷೆಯ ಕಾವಲಿಟ್ಟುಕೊಂಡು.

ಕ್ಯಾನ್ಸರ್ ಬಂದದ್ದು ಬೇರೆ ದಾರಿಯಿಂದ. 1941ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದಾಗ ಪ್ರಯೋಗಾಲಯವನ್ನು ಕಟ್ಟಿದವರು ವಿ. ಆರ್. ಖಾನೋಲ್ಕರ್, ಅಲ್ಲಿಂದ ಮುಂದೆ ಕ್ಯಾನ್ಸರ್ ಪೆಥಾಲಜಿ ಎಂದರೆ ದೊಡ್ಡ ಆಸ್ಪತ್ರೆಯ, ದೊಡ್ಡ ಗುರುವಿನ ವಿದ್ಯೆ. ನಮ್ಮಲ್ಲಿ 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೆಡಿಕಲ್ ಕಾಲೇಜು ಮೊದಲು. 1973ರಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, 1980ರಲ್ಲಿ ಅದಕ್ಕೆ ಪ್ರಾದೇಶಿಕ ಕೇಂದ್ರದ ಸ್ಥಾನ, 1982ರಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ. ಚನ್ನರಾಯಪಟ್ಟಣಕ್ಕೆ ಹತ್ತಿರದ ಬೆಳ್ಳೂರಿನಲ್ಲಿ ಆದಿಚುಂಚನಗಿರಿ ಕಾಲೇಜು 1980ರ ದಶಕದಲ್ಲೇ ಬಂದರೆ, ಹಾಸನ ಪಟ್ಟಣದಲ್ಲಿ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯನ್ನು ಸೇರಿಸಿಕೊಂಡು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಹಿಮ್ಸ್) ಶುರುವಾದದ್ದು 2006ರಲ್ಲಿ. ಕಾಲೇಜು ಇದ್ದಲ್ಲಿ ಪಿಜಿಗಳಿರುತ್ತಾರೆ. ಪಿಜಿಗಳಿದ್ದಲ್ಲಿ ಗ್ರಾಸಿಂಗ್ ಅವರ ಪಾಲಿನ ದಿನಗೆಲಸವಾಗುತ್ತದೆ. ಟೆಕ್ನೀಷಿಯನ್‌ಗೆ ಕಲಿಸುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಮಾಡಲಾರರು ಎಂದು ಯಾರೋ ಪರೀಕ್ಷಿಸಿ ನೋಡಿ ಕೈಬಿಟ್ಟದ್ದಲ್ಲ ಇದು.

ಗ್ರಾಸಿಂಗ್ ಮೇಜಿನ ಕೆಲಸದ ಮೇಲೆ ಎಷ್ಟು ನಿಂತಿದೆ ಎಂಬುದಕ್ಕೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ 1932ರಲ್ಲೇ ಉತ್ತರ ಕೊಟ್ಟಿದ್ದರು. ಗುದನಾಳದ ಕ್ಯಾನ್ಸರಿಗೆ ಅವರು ಕಟ್ಟಿದ ಹಂತಗಳು, ಗಡ್ಡೆ ಗೋಡೆಯನ್ನು ಎಷ್ಟು ದಾಟಿದೆ, ದುಗ್ಧಗ್ರಂಥಿಗೆ ತಲುಪಿದೆಯೋ ಇಲ್ಲವೋ ಎಂದು ತಾಳ್ಮೆಯಿಂದ ಬಿಡಿಸಿ ನೋಡಿದ್ದರ ಫಲ. 1986ರಲ್ಲಿ ಲೀಡ್ಸ್‌ನ ಫಿಲಿಪ್ ಕ್ವರ್ಕ್ ಮತ್ತು ಸಂಗಡಿಗರು 52 ರೋಗಿಗಳಿಂದ ತೆಗೆದ ಗುದನಾಳದ ಸ್ಪೆಸಿಮನ್ನನ್ನು ಅಡ್ಡಡ್ಡ ಹೋಳು ಮಾಡಿ ಪೂರ್ತಿ ಪರೀಕ್ಷಿಸಿದರು. 14 ಮಂದಿಯಲ್ಲಿ ಕ್ಯಾನ್ಸರ್ ಪಕ್ಕದ ಅಂಚಿಗೆ ಮುಟ್ಟಿತ್ತು. ಅವರಲ್ಲಿ 12 ಮಂದಿಗೆ ಅದೇ ಜಾಗದಲ್ಲಿ ಮರಳಿತು. ಹಾಗೆ ಕೊಯ್ಯದೇ ಇದ್ದರೆ ಆ ಅಂಚು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಸೀಮೆಗೆ ಹತ್ತಿರದ ಉದಾಹರಣೆ ಬಾಯಿಯದು. ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಅಗಿಯುವ ಬಾಯಿಗಳು ಇಲ್ಲಿ ಕಡಿಮೆಯಿಲ್ಲ. (ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜಿಗೆ ಬರುವ ವರ್ಜೀನಿಯಾ ಎಲೆ ಮುಖ್ಯವಾಗಿ ಸಿಗರೇಟಿನದು; ಬಾಯಿ ಹುಣ್ಣಿನ ಪಾಪವನ್ನೆಲ್ಲ ಅದರ ತಲೆಗೆ ಕಟ್ಟಬಾರದು.) 2017ರಿಂದ ಬಾಯಿ ಕ್ಯಾನ್ಸರಿನ ಹಂತ ಹೇಳಲು ಗಡ್ಡೆಯ ಅಗಲದ ಜೊತೆಗೆ ಆಳವೂ ಬೇಕು: 5 ಮಿಲಿಮೀಟರಿಗೊಂದು ಗೆರೆ, 10ಕ್ಕೊಂದು. ಚಾಕು ಓರೆಯಾಗಿ ಇಳಿದರೆ ಆಳದ ಲೆಕ್ಕ ತಪ್ಪಿ ಹಂತವೇ ಬದಲಾಗುತ್ತದೆ. ಸ್ತನದ ಸ್ಪೆಸಿಮನ್ನಿನಲ್ಲಾದರೆ ಸರ್ಜನ್ ಕಟ್ಟಿದ ದಾರದ ಗುರುತು ನೋಡಿ ಮೇಲ್ಗಡೆ ಯಾವುದು, ಕಂಕುಳ ಕಡೆ ಯಾವುದು ಎಂದು ತಿಳಿಯಬೇಕು. ಆಳದ ಅಂಚಿಗೆ ಬಣ್ಣ ಬಳಿದು ಒರೆಸಿ, ಆಮೇಲೆ ಕೊಯ್ಯಬೇಕು. ಕಂಕುಳಿನ ಕೊಬ್ಬನ್ನು ಬೆರಳಲ್ಲಿ ಹಿಚುಕುತ್ತ ಹೋದಂತೆ ಹೆಸರುಕಾಳಿನಷ್ಟು ಗ್ರಂಥಿ ಸಿಗುತ್ತದೆ, ಮತ್ತೊಂದು ಅದಕ್ಕಿಂತ ಸಣ್ಣದು. ಬೇಸತ್ತ ಬೆರಳು ಎರಡು ಗ್ರಂಥಿ ಬಿಟ್ಟರೆ, ರೋಗಿಯ ಕಾಗದದಲ್ಲಿ ಎರಡು ಗ್ರಂಥಿ ಇರಲೇ ಇಲ್ಲ. ಇಲ್ಲಿ ಬೇಕಾದದ್ದು ಅಂಗರಚನೆಯ ತಿಳಿವು, ಶಿಸ್ತು, ಕೈಯ ಪಳಗಿಕೆ. ಎಂ.ಬಿ.ಬಿ.ಎಸ್. ಓದದೆ ಇವು ಬರುವುದಿಲ್ಲ ಎನ್ನಲು ಕಾರಣ ಕಾಣದು.

ಹಾಗೆಂದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲೆಲ್ಲ ಗ್ರಾಸಿಂಗ್ ಮೇಜು ಹಾಕಬೇಕೆ? ಬೇಡ. ವಾರಕ್ಕೊಂದು ಸ್ಪೆಸಿಮನ್ ಬರುವ ಕಡೆ ಕೈ ಪಳಗುವುದಿಲ್ಲ. ಈ ಆಕ್ಷೇಪವನ್ನು ಪೂರ್ತಿ ಒಪ್ಪಬೇಕು. ತಾಲ್ಲೂಕಿನಲ್ಲಿ ಬೇಕಾದ ತರಬೇತಿ ಬೇರೆ, ಮತ್ತು ಅದಕ್ಕೆ ಒಂದು ದಿನ ಸಾಕು. ಫರ್ಡಿನಂಡ್ ಬ್ಲಂ 1893ರಲ್ಲಿ ತೋರಿಸಿಕೊಟ್ಟ ಫಾರ್ಮಲಿನ್ ಇವತ್ತಿಗೂ ನಮ್ಮ ಆಧಾರ. ಅದು ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಗರ್ಭಕೋಶವನ್ನು ಸೀಳದೆ, ಸಣ್ಣ ಬಾಯಿಯ ಡಬ್ಬಿಗೆ ತುರುಕಿ, ಮೇಲೆ ಎರಡು ಬೆರಳು ಫಾರ್ಮಲಿನ್ ಹಾಕಿ ಕಳಿಸಿದರೆ ಹಾಸನಕ್ಕೋ ಬೆಂಗಳೂರಿಗೋ ತಲುಪುವ ಹೊತ್ತಿಗೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಕ್ಯಾನ್ಸರ್ ಇದ್ದದ್ದು ಒಳಪದರದಲ್ಲಾದರೆ ಮುಗಿಯಿತು. ಸ್ಪೆಸಿಮನ್ನಿನ ಹತ್ತರಷ್ಟು ಫಾರ್ಮಲಿನ್, ಅಗಲ ಬಾಯಿಯ ಡಬ್ಬಿ, ಮುಚ್ಚಳದ ಮೇಲಲ್ಲ, ಡಬ್ಬಿಯ ಮೇಲೆ ಹೆಸರು, ಹಾಕಿದ ಗಂಟೆ. ಸ್ತನ ಕ್ಯಾನ್ಸರಿನ ಹಾರ್ಮೋನ್ ಪರೀಕ್ಷೆಗೆ ಈ ಗಂಟೆಯೇ ಮುಖ್ಯ: ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್ನಿಗೆ ಬೀಳಬೇಕು, ಆರು ಗಂಟೆಗಿಂತ ಕಡಿಮೆಯಾಗಲಿ 72 ಗಂಟೆಗಿಂತ ಹೆಚ್ಚಾಗಲಿ ಅದರಲ್ಲಿರಬಾರದು. ಶನಿವಾರ ಸಂಜೆ ಅರಕಲಗೂಡಿನಲ್ಲಿ ತೆಗೆದ ಗಡ್ಡೆ ಮನೆಯವರ ಬ್ಯಾಗಿನಲ್ಲಿ ಬುಧವಾರ ಲ್ಯಾಬು ಸೇರಿದರೆ ಆ ಪರೀಕ್ಷೆಯ ಉತ್ತರವನ್ನು ನಂಬುವಂತಿಲ್ಲ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಫದ ಸ್ಲೈಡನ್ನು ಮತ್ತೊಬ್ಬರು ಮತ್ತೆ ಓದಬಹುದು. ಕೊಯ್ದ ಅಂಗವನ್ನು ಮತ್ತೆ ಜೋಡಿಸಲಾಗದು. ಹಾಗಾಗಿ ಕ್ಷಯದ ಹೋಲಿಕೆ ಇಲ್ಲಿ ನಡೆಯದು ಎನ್ನುತ್ತಾರೆ. ಮಾತು ನಿಜ, ಆದರೆ ಅದು ಚಾಕು ಹಿಡಿಯುವ ಎಲ್ಲರಿಗೂ ಅನ್ವಯಿಸುವ ಮಾತು. ಪಿಜಿ ಸೇರಿದ ಮೊದಲ ತಿಂಗಳುಗಳಲ್ಲಿ ಸೀನಿಯರನ್ನು ನೋಡಿ ಕಲಿಯುವ ಹುಡುಗ ಅಥವಾ ಹುಡುಗಿ ಕೊಯ್ದದ್ದನ್ನೂ ಜೋಡಿಸಲಾಗದು. ಆ ಕೈ ಪಳಗಿ ಮೂರು ವರ್ಷ ತುಂಬುವಷ್ಟರಲ್ಲಿ ಊರು ಬಿಟ್ಟಿರುತ್ತದೆ. ಟೆಕ್ನೀಷಿಯನ್ ಇಪ್ಪತ್ತು ವರ್ಷ ಅಲ್ಲೇ ಇರುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 1969ರಲ್ಲೇ ಪೆಥಾಲಜಿಸ್ಟರ ಸಹಾಯಕರಿಗೆ ತರಬೇತಿ ತೆರೆಯಿತು. ಬ್ರಿಟನ್ನಿನಲ್ಲಿ ಪೆಥಾಲಜಿಸ್ಟರ ರಾಯಲ್ ಕಾಲೇಜೂ ಲ್ಯಾಬ್ ವಿಜ್ಞಾನಿಗಳ ಸಂಸ್ಥೆಯೂ ಕೂಡಿ ಸ್ಪೆಸಿಮನ್ನುಗಳನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡಿದವು: ಕ್ಯಾಸೆಟ್ಟಿಗೆ ಹಾಕಿದರೆ ಸಾಕೆನ್ನುವ ಸಣ್ಣ ಬಯಾಪ್ಸಿ ಒಂದು ತುದಿ, ದೊಡ್ಡ ಕ್ಯಾನ್ಸರ್ ಸ್ಪೆಸಿಮನ್ ಇನ್ನೊಂದು ತುದಿ. ಮೆಟ್ಟಿಲೇರಿದಂತೆ ಪರೀಕ್ಷೆ, ಮೇಲೊಬ್ಬ ಪೆಥಾಲಜಿಸ್ಟರ ಹೊಣೆ. ಮಲೇರಿಯಾದ ಮರುಪರೀಕ್ಷೆಗೆ ಇಲ್ಲಿ ಸಾಟಿಯಾದದ್ದು ಕೊಯ್ಯುವ ಮುಂಚಿನ ಫೋಟೋ, ಯಾವ ಬ್ಲಾಕು (ಸ್ಲೈಡಿಗೆ ಆರಿಸಿದ ತುಂಡು) ಎಲ್ಲಿಂದ ಎಂಬ ನಕ್ಷೆ, ರಿಪೋರ್ಟ್ ಆಗುವವರೆಗೆ ಉಳಿದ ತುಂಡನ್ನು ಎಸೆಯದೆ ಇಡುವುದು.

ಕಾನೂನು ಒಪ್ಪೀತೆ ಎಂಬುದು ಮತ್ತೊಂದು ತಕರಾರು. ಲ್ಯಾಬ್ ರಿಪೋರ್ಟಿಗೆ ಸಹಿ ಹಾಕಬೇಕಾದವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ, ಸರಿಯಾಗಿಯೇ ಹೇಳಿದೆ. ಅದು ಸಹಿಯ ಮಾತು. ಬ್ಲಾಕನ್ನು ಮೈಕ್ರೋಟೋಮಿನಲ್ಲಿ ಕೊಯ್ದು ಬಣ್ಣ ಹಾಕುವವರು ಇವತ್ತಿಗೂ ಟೆಕ್ನೀಷಿಯನ್ನರೇ, ಅದರಿಂದ ಸಹಿಯ ಹೊಣೆ ಕರಗಿಲ್ಲ. ಪಿಜಿಗಳ ಕಲಿಕೆಗೆ ಕುತ್ತು ಬರುತ್ತದೆ ಎಂಬ ಅಳುಕಿನಲ್ಲಿ ಸ್ವಲ್ಪ ಹುರುಳಿದೆ. ಅವರ ಪಾಲಿನ ಸ್ಪೆಸಿಮನ್ನುಗಳನ್ನು ಎತ್ತಿಟ್ಟೇ ಹಂಚಿಕೊಳ್ಳಬೇಕಾಗುತ್ತದೆ. ಇನ್ನು ಕಾನೂನಿನ ಮಾತಿಗೆ ಮರಳಿದರೆ, 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಹಿಸ್ಟೊಟೆಕ್ನಾಲಜಿಸ್ಟ್ ಎಂಬ ಹೆಸರು ಪ್ರತ್ಯೇಕವಾಗಿಯೇ ಇದೆ. ಆ ಹೆಸರಿನ ಕೆಳಗೆ ಪಠ್ಯಕ್ರಮ ಬರೆಯುವಾಗ ಗ್ರಾಸಿಂಗನ್ನು ‘ನೋಡಿ ತಿಳಿಯುವುದು’ ಎಂದು ಹಾಕುತ್ತಾರೋ, ‘ಮಾಡಿ ಕಲಿಯುವುದು’ ಎಂದು ಹಾಕಿ ವರ್ಗವಾರು ಪರೀಕ್ಷೆ ಇಡುತ್ತಾರೋ ಎಂಬುದರ ಮೇಲೆ ಹಾಸನದ ಮೇಜಿನ ಮುಂದೆ ಯಾರು ನಿಲ್ಲುತ್ತಾರೆ ಎಂಬುದು ತೀರ್ಮಾನವಾಗುತ್ತದೆ.