ಅಳಿಯಲೊಪ್ಪದ ಕಡತ ಮತ್ತು ಆ ‘ಮತ್ತೊಬ್ಬ ವ್ಯಕ್ತಿ’



ಕಳೆದ ವಾರ ಮೊಮ್ಮಗಳು ತನ್ನ ಲ್ಯಾಪ್‌ಟಾಪಿನೊಡನೆ ಜಗಳಕ್ಕೆ ನಿಂತಿದ್ದಳು. ಯಾವುದೋ ಕಡತವನ್ನು ಅಳಿಸಲು ಹೋದರೆ ‘ಇದು ಬಳಕೆಯಲ್ಲಿದೆ’ ಎಂದು ಅದು ಹಟ ಹಿಡಿದಿತ್ತು. “ತಾತ, ಯಂತ್ರ ನನ್ನದು, ಕಡತ ನನ್ನದು, ಬೇಡವೆನ್ನಲು ಇದು ಯಾರು?” ಎಂದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ 2006ರ ಒಂದು ಮಧ್ಯಾಹ್ನ ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ.

ಆಗ ನಮ್ಮ ಮನೆಯಲ್ಲಿದ್ದುದು ಮಗ ಬಳಸಿ ಬಿಟ್ಟ, ವಿಂಡೋಸ್ ಎಕ್ಸ್‌ಪಿ ಹಾಕಿದ ಗಣಕಯಂತ್ರ. ಎಂಬತ್ತು ದಾಟಿದ್ದ ದೊಡ್ಡಮ್ಮ ತನ್ನ ಬಾಳಿನ ಕಥೆಯನ್ನು ಹೇಳುತ್ತಿದ್ದಳು. ನಾನು ‘ನುಡಿ’ ತಂತ್ರಾಂಶದಿಂದ ಕನ್ನಡದಲ್ಲಿ ಬೆರಳಚ್ಚಿಸುತ್ತಿದ್ದೆ. ಆಕೆಯ ಮಾತಿನ ಓಘವನ್ನು ನಮ್ಮ ಬಂಧುಗಳು ಬಲ್ಲರು. ಆ ಮಧ್ಯಾಹ್ನ ಎರಡು ಗಂಟೆ ಒಂದೇ ಸಮನೆ ಹೇಳಿದಳು. ಅದುವರೆಗೆ ಯಾರೊಡನೆಯೂ ಆಡದಿದ್ದ ಒಂದು ಸಂಗತಿಯನ್ನೂ ಹೇಳಿದಳು. ಬಳಿಕ ಅಲ್ಲೇ ಚಾಪೆಯ ಮೇಲೆ ಒರಗಿ ನಿದ್ದೆಹೋದಳು.

ಪಾಠ ಮುಗಿದೊಡನೆ ಕರಿಹಲಗೆ ಒರೆಸುವುದು ಮೂವತ್ತು ವರ್ಷಗಳ ನನ್ನ ಅಭ್ಯಾಸ. ದೊಡ್ಡಮ್ಮನ ಬರಹವಿದ್ದ ಫೋಲ್ಡರನ್ನು ತೆರೆದು ನೋಡಿದರೆ, ಅಲೆಯಾಕಾರದ ಚಿಹ್ನೆಯಿಂದ ಮೊದಲಾಗುವ ಮಸುಕಾದ ಮೂರು ನಾಲ್ಕು ಕಡತಗಳು ಕಂಡವು. ಕಸವೆಂದು ತಿಳಿದು ಅಳಿಸಲು ಹೋದೆ. ಮತ್ತೊಬ್ಬ ವ್ಯಕ್ತಿಯೋ ಪ್ರೋಗ್ರಾಮೋ ಇದನ್ನು ಬಳಸುತ್ತಿರುವುದರಿಂದ ಅಳಿಸಲಾಗದು ಎಂಬ ಅರ್ಥದ ಸಂದೇಶ ಬಂದಿತು. ಮತ್ತೊಬ್ಬ ವ್ಯಕ್ತಿ! ಮನೆಯಲ್ಲಿದ್ದವಳು ದೊಡ್ಡಮ್ಮನೊಬ್ಬಳೇ, ಅವಳೂ ಗೊರಕೆ ಹೊಡೆಯುತ್ತಿದ್ದಳು. ವೈರಸ್ ಇರಬೇಕೆಂದು ನನ್ನ ಊಹೆ. ಹಿಡಿತದಲ್ಲಿರುವ ಕಡತವನ್ನು ಬಲವಂತವಾಗಿ ಬಿಡಿಸುವ ಪುಟ್ಟ ಸಾಧನವೊಂದನ್ನು ಪಕ್ಕದ ಮನೆಯ ಹುಡುಗ ಸಿ.ಡಿ.ಯಲ್ಲಿ ಕೊಟ್ಟಿದ್ದ. ಅದನ್ನು ಪ್ರಯೋಗಿಸಿದೆ. ಕಡತಗಳು ಅಳಿದವು. ನಾಲ್ಕು ಬಾರಿ ಬೆನ್ನು ತಟ್ಟಿಕೊಂಡ ಮೇಲೆ, ಇನ್ನೊಂದು ಕಿಟಕಿಯಲ್ಲಿ ತೆರೆದೇ ಇದ್ದ ದೊಡ್ಡಮ್ಮನ ಬರಹವನ್ನು ಉಳಿಸಲು ಹೋದೆ. ಉಳಿಸಲಾಗದೆಂದಿತು, ಮತ್ತೊಮ್ಮೆ ಒತ್ತಿದಾಗ ಪ್ರೋಗ್ರಾಮೇ ಮುಚ್ಚಿಹೋಯಿತು. ಆರಂಭದಲ್ಲೊಮ್ಮೆ ಉಳಿಸಿದ್ದ ಅರ್ಧ ಪುಟ ಬಿಟ್ಟು ಮಿಕ್ಕದ್ದೆಲ್ಲ ಹೋಯಿತು.

ಆ ‘ಮತ್ತೊಬ್ಬ ವ್ಯಕ್ತಿ’ ಯಾರೆಂದು ಹುಡುಕುತ್ತ ನಾನು ಓದಿಕೊಂಡ ಇತಿಹಾಸವಿದು.

1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್ ವ್ಯವಸ್ಥೆಗೆ ಅಡಿಪಾಯ ಹಾಕಿದರು. ಡೆನ್ನಿಸ್ ರಿಚಿ ಜೊತೆಗೂಡಿದರು. ಅಲ್ಲಿ ಕಡತ ಬೇರೆ, ಅದರ ಹೆಸರು ಬೇರೆ. ನಾನು ಶಾಲೆಯ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಿದ್ದುದನ್ನು ಬಲ್ಲವರು ಈ ಹೋಲಿಕೆಯನ್ನು ಮನ್ನಿಸಬೇಕು: ಪುಸ್ತಕವನ್ನು ರದ್ದುಪಡಿಸುವುದೆಂದರೆ ಯೂನಿಕ್ಸಿನಲ್ಲಿ ಸೂಚಿಯಿಂದ ಅದರ ಚೀಟಿಯನ್ನು ಕಿತ್ತುಹಾಕುವುದು ಮಾತ್ರ. ಒಳಗೆ ಕುಳಿತು ಓದುತ್ತಿರುವವನ ಕೈಯಿಂದ ಪುಸ್ತಕವನ್ನು ಯಾರೂ ಕಸಿಯುವುದಿಲ್ಲ. ಹೊಸದಾಗಿ ಕೇಳಿಬಂದವರಿಗೆ ಅದು ಸಿಗದು. ಕೊನೆಯ ಓದುಗ ಎದ್ದುಹೋದ ಮೇಲೆ ರದ್ದಿಗೆ. ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳುತ್ತಿದ್ದ, ದೈತ್ಯಗಾತ್ರದ ದಾಖಲೆಯ ಕಡತವನ್ನು ಅಳಿಸಿದರೂ ಡಿಸ್ಕಿನಲ್ಲಿ ಜಾಗವೇ ಬಿಡುವಾಗದೆ ರಾತ್ರಿಯೆಲ್ಲ ತಲೆ ಕೆರೆದುಕೊಂಡೆನೆಂದು. ಹೆಸರಿಲ್ಲದ ಆ ಕಡತವನ್ನು ಯಾವುದೋ ಪ್ರೋಗ್ರಾಮು ಇನ್ನೂ ಹಿಡಿದು ಕುಳಿತಿತ್ತು!

1974ರಲ್ಲಿ ಥಾಂಪ್ಸನ್ ಮತ್ತು ರಿಚಿ ಪ್ರಕಟಿಸಿದ ಪ್ರಬಂಧದ ಒಂದು ವಾದ ನನ್ನನ್ನು ತಡೆದು ನಿಲ್ಲಿಸಿತು. ತಮ್ಮ ವ್ಯವಸ್ಥೆಯಲ್ಲಿ ಬಳಕೆದಾರರಿಗೆ ಕಾಣುವ ಬೀಗಗಳಿಲ್ಲ ಎಂದು ಹೇಳಿ, ಅವು ತಮ್ಮ ಪರಿಸರಕ್ಕೆ ಅಗತ್ಯವೂ ಅಲ್ಲ, ಸಾಕಾಗುವುದೂ ಇಲ್ಲ ಎನ್ನುತ್ತಾರೆ. ಏಕೆ ಸಾಲದು? ಬರೆಯುವ ಪ್ರೋಗ್ರಾಮುಗಳು ಮೂಲವನ್ನು ಬಿಟ್ಟು ಅದರ ಪ್ರತಿಯೊಂದನ್ನು ಮಾಡಿಕೊಂಡು ತಿದ್ದುತ್ತವೆ; ಅಲ್ಲಿ ಆಗುವ ಗೊಂದಲವನ್ನು ಮೂಲಕ್ಕೆ ಹಾಕಿದ ಬೀಗ ತಪ್ಪಿಸಲಾರದು. ನಾನು ಕಸವೆಂದು ಗುಡಿಸಿದ್ದು ಅಂಥ ಪ್ರತಿಗಳನ್ನೇ.

ಮೇಜಿನ ಮೇಲಣ ಗಣಕದ ದಾರಿಯೇ ಬೇರೆ. 1981ರಲ್ಲಿ ಐಬಿಎಂ ಪಿ.ಸಿ.ಯೊಂದಿಗೆ ಬಂದ ಡಾಸ್, ಒಬ್ಬನೇ ಕುಳಿತು ಒಂದೇ ಪ್ರೋಗ್ರಾಮು ನಡೆಸುವವನಿಗೆಂದು ಮಾಡಿದ್ದು. ಅಲ್ಲಿ ಯಾರಿಂದ ಯಾರಿಗೆ ರಕ್ಷಣೆ? ಮುಂದೆ ಕಚೇರಿಗಳಲ್ಲಿ ಯಂತ್ರಗಳನ್ನು ತಂತಿಯಿಂದ ಜೋಡಿಸಿ, ಹಲವು ಗುಮಾಸ್ತರು ಒಂದೇ ಲೆಕ್ಕದ ಕಡತಕ್ಕೆ ಕೈಹಾಕುವ ಕಾಲ ಬಂದಿತು. 1984ರ ಡಾಸ್ 3.0ರಲ್ಲಿ ‘ಶೇರ್’ ಎಂಬ ಆಜ್ಞೆ ಸೇರಿತು. ಕಡತ ತೆರೆಯುವವನು ‘ಬೇರೆಯವರು ಓದಬಹುದು, ಬರೆಯಕೂಡದು’ ಎಂಬಂಥ ಷರತ್ತನ್ನು ಆಗಲೇ ಹಾಕಬಹುದಾಯಿತು. ಸಂದೇಶದ ‘ಮತ್ತೊಬ್ಬ ವ್ಯಕ್ತಿ’ ನಿಜವಾಗಿ ಮನುಷ್ಯನೇ ಆಗಿದ್ದ ಕಾಲವದು.

ಡೇವ್ ಕಟ್ಲರ್ ನೇತೃತ್ವದಲ್ಲಿ ರೂಪುಗೊಂಡು 1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ಈ ಷರತ್ತುಗಳನ್ನು ತನ್ನ ತಳಹದಿಯಲ್ಲೇ ಇರಿಸಿಕೊಂಡಿತು. ಓದಲು, ಬರೆಯಲು, ಅಳಿಸಲು ಮೂರಕ್ಕೂ ಪ್ರತ್ಯೇಕ ಅನುಮತಿ. ಕಡತವನ್ನು ತೆರೆದವನು ಅಳಿಸುವ ಅನುಮತಿಯನ್ನು ಇತರರಿಗೆ ಕೊಟ್ಟಿರದಿದ್ದರೆ ಅಳಿಸಲಾಗದು. ಎಕ್ಸ್‌ಪಿ ಇದೇ ವಂಶದ ಕುಡಿ. ಯಂತ್ರವನ್ನು ಮರಳಿ ಆರಂಭಿಸಿ ಎಂಬ ಸಲಹೆಯ ಮೂಲವೂ ಇಲ್ಲೇ ಇದೆ. ಈಗ ಅಳಿಸಲಾಗದ ಕಡತಗಳ ಪಟ್ಟಿಯನ್ನು ಬರೆದಿಟ್ಟುಕೊಂಡು, ಮುಂದಿನ ಬಾರಿ ಯಂತ್ರ ಏಳುವಾಗ, ಬೇರೆ ಯಾರೂ ಕಣ್ಣುಬಿಡುವ ಮೊದಲೇ ಆ ಕೆಲಸ ಮುಗಿಸುವ ಏರ್ಪಾಡು ಅದರಲ್ಲಿದೆ. ಬೇಸಗೆ ರಜೆಯಲ್ಲಿ ಶಾಲೆಗೆ ಸುಣ್ಣ ಬಳಿದಂತೆ.

ಬಲವಂತದಿಂದ ಬಿಡಿಸುವುದು ಏಕೆ ಅಪಾಯ ಎಂಬುದು ನನಗೆ ತಿಳಿದದ್ದು ತಡವಾಗಿ. ಪ್ರತಿ ಕಡತಕ್ಕೂ ಪ್ರೋಗ್ರಾಮಿನ ಕೈಯಲ್ಲಿ ಒಂದು ಸಂಖ್ಯೆ ಇರುತ್ತದೆ, ಸೈಕಲ್ ಸ್ಟ್ಯಾಂಡಿನ ಬಿಲ್ಲೆಯಂತೆ. ಬಿಲ್ಲೆಯವನಿಗೆ ತಿಳಿಸದೆ ಸೈಕಲ್ಲನ್ನು ಸಾಗಿಸಿ, ಅದೇ ಸಂಖ್ಯೆಯನ್ನು ಇನ್ನೊಂದು ಸೈಕಲ್ಲಿಗೆ ಕೊಟ್ಟರೆ ಮೊದಲಿನವನು ಬಂದು ಏರಿಹೋಗುವುದು ಯಾರದೋ ಸೈಕಲ್ಲನ್ನು. ಹಾಗೆಯೇ ಪ್ರೋಗ್ರಾಮು ತನ್ನದೆಂದು ನಂಬಿ ಬೇರೆ ಕಡತಕ್ಕೆ ಬರೆದುಬಿಡಬಹುದು. ಮಾರ್ಕ್ ರುಸಿನೋವಿಚ್ ಅವರ ‘ಪ್ರೊಸೆಸ್ ಎಕ್ಸ್‌ಪ್ಲೋರರ್’ ಎಂಬ ಸಾಧನದಲ್ಲಿ ಯಾವ ಕಡತ ಯಾರ ಹಿಡಿತದಲ್ಲಿದೆ ಎಂದು ಹುಡುಕಬಹುದು; ಹಿಡಿತ ಬಿಡಿಸಲು ಹೊರಟರೆ ಅದು ಮೊದಲು ಎಚ್ಚರಿಸುತ್ತದೆ. ಈಗಿನ ವಿಂಡೋಸ್ ಬಹಳ ಸಲ ಹಿಡಿದಿರುವ ಪ್ರೋಗ್ರಾಮಿನ ಹೆಸರನ್ನೇ ಹೇಳುತ್ತದೆ. ವಿಂಡೋಸ್ 10ರ ಆವೃತ್ತಿಯೊಂದರಲ್ಲಿ ಯೂನಿಕ್ಸಿನ ಮಾದರಿಯ ಅಳಿಸುವಿಕೆಗೂ ದಾರಿಯಾಯಿತು. ಆದರೆ ತೆರೆದವನ ಅನುಮತಿ ಅಲ್ಲೂ ಬೇಕು. 2022ರಿಂದ ಮೈಕ್ರೋಸಾಫ್ಟಿನ ‘ಪವರ್‌ಟಾಯ್ಸ್’ ಕಟ್ಟಿನಲ್ಲಿ ‘ಫೈಲ್ ಲಾಕ್‌ಸ್ಮಿತ್’ ಎಂಬುದೂ ಇದೆ. ಮೊಮ್ಮಗಳಿಗೆ ಅದನ್ನೇ ತೋರಿಸಿದೆ. ಚಿತ್ರ ನೋಡುವ ಪ್ರೋಗ್ರಾಮೊಂದು ಹಿಂದೆ ಅಡಗಿ ಕುಳಿತಿತ್ತು. ಅದನ್ನು ಮುಚ್ಚಿದಳು, ಕಡತ ಅಳಿಯಿತು, ಎದ್ದುಹೋದಳು.

ಇನ್ನು ನನ್ನ ‘ಮತ್ತೊಬ್ಬ ವ್ಯಕ್ತಿ’. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬರಹವೊಂದನ್ನು ತೆರೆದಾಗ ಅಲೆ ಮತ್ತು ಡಾಲರ್ ಚಿಹ್ನೆಗಳಿಂದ ಮೊದಲಾಗುವ ಒಂದು ಪುಟ್ಟ ಕಡತ ಹುಟ್ಟುತ್ತದೆ. ಅದನ್ನು ತೆರೆದವರ ಹೆಸರು ಅದರಲ್ಲಿರುತ್ತದೆ, ಇನ್ನೊಬ್ಬರು ಬಂದರೆ ತಿಳಿಸಲು. ಕೆಲವು ತಿಂಗಳ ನಂತರ ಅಂಥದೊಂದನ್ನು ತೆರೆದು ನೋಡಿದೆ. ನಡುವೆ ಓದಲಾಗುವಂತಿದ್ದುದು ನನ್ನ ಹೆಸರೊಂದೇ.

ಮರುದಿನ ದೊಡ್ಡಮ್ಮನಿಗೆ ಆದದ್ದನ್ನು ಹೇಳಿ, ಇನ್ನೊಮ್ಮೆ ಹೇಳೆಂದು ಬೇಡಿದೆ. ಬೈಯಲಿಲ್ಲ. ಮದುವೆಯ ಕಥೆ, ಊರ ಮನೆ ಪಾಲಾದ ಕಥೆ ಎಲ್ಲವನ್ನೂ ಮತ್ತೆ ಹೇಳಿದಳು. ಎರಡು ವರ್ಷವೂ ತುಂಬದೆ ಹೋದ ತನ್ನ ಮೊದಲ ಮಗುವಿನ ವಿಷಯಕ್ಕೆ ಬಂದಾಗ ಮಾತ್ರ, “ಅದನ್ನು ನಿನ್ನೆ ಹೇಳಿದೆನಲ್ಲೋ” ಎಂದು ಎದ್ದು ಒಳಗೆ ಹೋದಳು. 2008ರಲ್ಲಿ ಆಕೆ ತೀರಿಕೊಂಡಳು. ಮಗುವಿನ ಹೆಸರು ನನಗೆ ನೆನಪಿದೆ, ಅವಳು ಹಾಡುತ್ತಿದ್ದಳೆಂದ ಜೋಗುಳದ ಮೊದಲ ಎರಡು ಮಾತು ನೆನಪಿವೆ. ನಮ್ಮ ಕುಟುಂಬದವರ ಕೈಯಲ್ಲಿರುವ ಪ್ರತಿಯ ಹನ್ನೊಂದನೆಯ ಪುಟದಲ್ಲಿ ಅರ್ಧ ಪುಟ ಖಾಲಿ ಏಕೆಂದು ಹಲವರು ಕೇಳಿದ್ದೀರಿ. ಅದು ಅಚ್ಚಿನ ದೋಷವಲ್ಲ.