ಕೆರೆಗೆ ಬಿಟ್ಟ ದತ್ತಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಕಿರುಬಂಡೆಗಲ್ಲು ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಇಸಿಲದ ಮಹಾಮಾತ್ರರನ್ನು ಉದ್ದೇಶಿಸಿದ ಆ ಶಾಸನಗಳಲ್ಲಿ ತಂದೆತಾಯಿಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನಗಳ ಉಪದೇಶವಿದೆ. ದಾರಿಯಲ್ಲಿ ಬಾವಿ ತೋಡಿಸಿದ, ಮರ ನೆಡಿಸಿದ ಸಂಗತಿ ಇಲ್ಲಿಲ್ಲ. ಅದನ್ನು ಓದಬೇಕಾದರೆ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಮೊಳಕಾಲ್ಮೂರು, ಚಳ್ಳಕೆರೆಗಳಾದರೋ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ಅದೂ ಹೇಳಿದ ಕಾಲಕ್ಕೆ ಬಾರದ ಸೀಮೆ. ದಯೆಯ ಉಪದೇಶವನ್ನು ಇಷ್ಟು ಮೊದಲೇ ಪಡೆದ ಈ ನೆಲಕ್ಕೆ ನೀರನ್ನು ದಾನ ಮಾಡಿದವರು ಯಾರು, ಆ ದಾನ ಉಳಿದ ಬಗೆ ಯಾವುದು ಎಂಬುದು ವಿಚಾರಾರ್ಹವಾಗಿದೆ.

ಕರ್ನಾಟಕದ ದಾನಶಾಸನಗಳಿಗೆ ಲೆಕ್ಕವಿಲ್ಲ. ಆದರೆ ದಾನವು ಸಂದದ್ದು ಯಾರಿಗೆ ಎಂದು ಕೇಳಿದರೆ ಉತ್ತರ ಸ್ವಲ್ಪ ಮುಜುಗರದ್ದೇ. 1159ರಲ್ಲಿ ಹುಳ್ಳ ಚಮೂಪನು ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಭಂಡಾರಿ ಬಸದಿಗೆ ಹೊಯ್ಸಳ ನರಸಿಂಹನು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಗ್ರಾಮ ದತ್ತಿಯೆಂದರೆ ಗ್ರಾಮದ ಹುಟ್ಟುವಳಿಯ ದತ್ತಿ. ಕೊಟ್ಟವನು ಅರಸ, ಪಡೆದದ್ದು ಬಸದಿ; ತೆತ್ತವನು ಮಾತ್ರ ಮೊದಲಿನಂತೆಯೇ ಒಕ್ಕಲಿಗ. ದೇವಾಲಯಗಳಿಗೂ ಅಗ್ರಹಾರಗಳಿಗೂ ಬಿಟ್ಟ ಗ್ರಾಮಗಳ ಮಾತೂ ಇದೇ. ಧರ್ಮಾಯತನಗಳ ರಕ್ಷಣೆ ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ರೈತನಿಗೆ ಮಾಡಿದ ಉಪಕಾರವೆಂದು ಮಾತ್ರ ಎಣಿಸಲಾಗದು.

ರೈತನಿಗೆ ನೇರವಾಗಿ ಸಂದ ದಾನವನ್ನು ಕಾಣಬೇಕಾದರೆ ಕೆರೆಯ ಶಾಸನಗಳನ್ನು ನೋಡಬೇಕು. ಬಿತ್ತುವಟ್ಟ, ಕೊಡಗೆ, ದಶವಂದ ಎಂಬ ಮಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ಸರಿಪಡಿಸಿದವನಿಗೆ ಆ ಕೆರೆಯ ಕೆಳಗೆ ಸಾಗುವಳಿಯಾಗುವ ಗದ್ದೆಯಲ್ಲಿ ಅಥವಾ ಫಸಲಿನಲ್ಲಿ ಒಂದು ಪಾಲು ಸಲ್ಲುತ್ತಿತ್ತು. ದಶವಂದವೆಂದರೆ ಹೆಸರೇ ಹೇಳುವಂತೆ ಹತ್ತರಲ್ಲಿ ಒಂದು. ಇದರೊಳಗಿನ ಜಾಣ್ಮೆ ಗಮನಾರ್ಹ. ಕೆರೆ ತುಂಬಿದರೆ ಪಾಲು ಉಂಟು, ಏರಿ ಒಡೆದರೆ ಪಾಲೂ ಇಲ್ಲ. ಆದುದರಿಂದ ಕಟ್ಟಿದವನ ಮನೆಯವರು ತಲೆಮಾರುಗಳವರೆಗೆ ಏರಿಯ ಮೇಲೆ ಕಣ್ಣಿಡಬೇಕಾಗುತ್ತಿತ್ತು. ಕೆರೆಗೆ ಮಣ್ಣು ಹೊರುವ ಬಂಡಿಯ ಖರ್ಚಿಗೆಂದೇ ಬೇರೆಯಾಗಿ ಬಿಟ್ಟ ದತ್ತಿಗಳೂ ಇದ್ದವು. ಕಟ್ಟುವುದು ಒಂದು ಖರ್ಚು, ಕಾಯುವುದು ಮತ್ತೊಂದು ಖರ್ಚು ಎಂಬುದನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು.

ಇಲ್ಲಿ ಶ್ರಾವಕನಿಗೆ ಒಂದು ಧರ್ಮಸಂಕಟವುಂಟು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಗೃಹಸ್ಥನು ವರ್ಜಿಸಬೇಕಾದ ಹದಿನೈದು ಬಗೆಯ ವೃತ್ತಿಗಳನ್ನು ಎಣಿಸಿದ್ದಾರೆ. ಕೆರೆ ಬಾವಿಗಳನ್ನು ಅಗೆದು ಜೀವಿಸುವ ಸ್ಫೋಟಜೀವಿಕೆ ಅವುಗಳಲ್ಲಿ ಒಂದು. ಕೆರೆಯ ನೀರನ್ನು ಬತ್ತಿಸುವ ಸರಃಶೋಷ ಇನ್ನೊಂದು. ಅಗೆದರೂ ದೋಷ, ಬತ್ತಿಸಿದರೂ ದೋಷವಾದರೆ ಬರಗಾಲದ ಸೀಮೆಯ ಶ್ರಾವಕನು ಮಾಡುವುದೇನು? ಆಚಾರ್ಯರ ನಿಷೇಧವಿರುವುದು ಜೀವಿಕೆಗೆ, ಅಂದರೆ ಲಾಭಕ್ಕಾಗಿ ಹಿಡಿದ ಕಸುಬಿಗೆ. ಲೋಕೋಪಕಾರಕ್ಕಾಗಿ, ಯತ್ನಾಚಾರದಿಂದ ಮಾಡಿದ ಕಾರ್ಯವನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಒಪ್ಪದವರೂ ಇರಬಹುದು. ಆದರೆ ಇದ್ದ ಕೆರೆಯನ್ನು ಹೂಳು ತುಂಬಿ ಬತ್ತಲು ಬಿಡುವುದು ಸರಃಶೋಷಕ್ಕೆ ಎಷ್ಟು ದೂರ ಎಂಬುದನ್ನು ಅವರೂ ಯೋಚಿಸಬೇಕು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಗಳ ಕಥೆ ಈ ಸೀಮೆಯಲ್ಲಿ ಅರಿಯದವರಿಲ್ಲ. ಜನರನ್ನು ಕೂಡಿಸಿ ಅವರು ಐದು ಕೆರೆಗಳನ್ನು ಕಟ್ಟಿಸಿದರೆಂಬುದು ಅಲ್ಲಿನ ಪರಂಪರೆಯ ನಂಬಿಕೆ. ದುಡಿದವರಿಗೆ ದುಡಿಮೆಗೆ ತಕ್ಕಷ್ಟೇ ಕೂಲಿ ದೊರೆಯಿತು, ಸೋಮಾರಿಗೆ ಅವನ ಪಾಲಿನಷ್ಟೇ ಎಂದು ಹಿರಿಯರು ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಇಂದಿಗೂ ಜನರ ನಾಲಿಗೆಯ ಮೇಲಿದೆ. ಪವಾಡದ ಅಂಶವನ್ನು ಬದಿಗಿಟ್ಟರೂ ಉಳಿಯುವ ಸಂಗತಿ ಚಿಕ್ಕದಲ್ಲ: ಪಡೆಯುವವನ ತೋಳೂ ಸೇರಿದ ದಾನವದು. ಬೇರೆ ಮತದ ಗುರುಗಳೆಂದು ಈ ಪಾಠವನ್ನು ಬಿಡಬೇಕಾಗಿಲ್ಲ.

1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಸ್ಯಾಂಕಿಯವರು ಸಂಸ್ಥಾನದ ನೆಲದ ಸುಮಾರು ಶೇಕಡ 60 ಭಾಗವು ಒಂದಲ್ಲ ಒಂದು ಕೆರೆಯ ವ್ಯವಸ್ಥೆಗೆ ಸೇರಿದೆಯೆಂದು ಬರೆದರು. ಇಷ್ಟು ಕೆರೆಗಳನ್ನು ಊರೂರಿನಲ್ಲಿ ಕಾಯುತ್ತಿದ್ದವನು ನೀರುಗಂಟಿ. ತೂಬು ತೆರೆಯುವುದು, ಸರದಿಯಂತೆ ನೀರು ಹಂಚುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಬಿಲ ಬಿರುಕು ನೋಡುವುದು ಅವನ ಕೆಲಸ. ಅದಕ್ಕಾಗಿ ಅವನಿಗೆ ಇನಾಮು ಜಮೀನು, ಕಣದಲ್ಲಿ ಕಾಳಿನ ಆಯ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ಇಂತಹ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಇನಾಮು ಜಮೀನು ಹಿಡಿದವರಿಗೇ ಮರುಮಂಜೂರಾಯಿತು. ಜಾತಿಯ ಕಾರಣದಿಂದ ಒಂದು ಮನೆಯನ್ನು ಚಾಕರಿಗೆ ಕಟ್ಟಿಹಾಕಿದ್ದ ಪದ್ಧತಿ ಹೋದದ್ದು ನ್ಯಾಯವೇ ಸರಿ. ತಪ್ಪಾದದ್ದು, ಅವನ ಸಂಬಳದ ಜಾಗದಲ್ಲಿ ಮತ್ತೊಂದು ಸಂಬಳವನ್ನು ಯಾರೂ ಗಟ್ಟಿಯಾಗಿ ಇಡದೇ ಹೋದದ್ದು. ಹುದ್ದೆಯೊಡನೆ ಕೆಲಸವೂ ರದ್ದಾದಂತಾಯಿತು.

ಇಂದಿನ ದಾನಿಗಳು ಇದನ್ನು ಅರಿತಿಲ್ಲವೆಂದಲ್ಲ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಹೊಲದಲ್ಲಿ ಉಳಿದವರು ದುಡಿಯುತ್ತಾರೆ. 2018ರಲ್ಲಿ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯಲ್ಲಿ ಭಾರತೀಯ ಜೈನ ಸಂಘಟನೆಯು ಹೂಳೆತ್ತುವ ಯಂತ್ರಗಳನ್ನು ಒದಗಿಸಿತು, ಸರ್ಕಾರ ಡೀಸೆಲ್ಲಿನ ಖರ್ಚು ಹೊತ್ತಿತು, ರೈತರು ಸ್ವಂತ ಖರ್ಚಿನಲ್ಲಿ ಹೂಳನ್ನು ಹೊಲಗಳಿಗೆ ಸಾಗಿಸಿಕೊಂಡರು. ಮೂವರ ಪಾಲೂ ಸೇರಿದ ಈ ಏರ್ಪಾಡು ದಶವಂದದ ಹತ್ತಿರದ ನೆಂಟನೇ.

ಆದರೂ ಒಂದು ಕೊರತೆ ಉಳಿಯುತ್ತದೆ. ಯಂತ್ರ ಹೋದ ಮೇಲಿನ ಹತ್ತು ವರ್ಷಗಳ ಲೆಕ್ಕ ದಾನಪತ್ರದಲ್ಲಿ ಅಪರೂಪ. ವ್ಯಾಪಾರಿಯು ತನ್ನ ಯಂತ್ರಕ್ಕೆ ಪ್ರತಿವರ್ಷ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಅದೇ ವ್ಯಾಪಾರಿ ಕೆರೆಗೆ ದಾನ ಕೊಡುವಾಗ ಸವಕಳಿಯನ್ನು ಮರೆಯುತ್ತಾನೆ. ಬೆಳಗೊಳದ ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟದೇವರ ಅಭಿಷೇಕದ ಹಾಲಿಗಾಗಿ ಗದ್ಯಾಣಗಳನ್ನು ಮೂಲಧನವಾಗಿಟ್ಟು, ಬಡ್ಡಿಯಿಂದ ನಿತ್ಯವೂ ಹಾಲು ಸಲ್ಲುವಂತೆ ಏರ್ಪಡಿಸಿದವರ ಉಲ್ಲೇಖಗಳಿವೆ. ಅಸಲನ್ನು ಮುಟ್ಟುವಂತಿರಲಿಲ್ಲ. ಕೆರೆಗೆಂದು ಸಂಗ್ರಹಿಸಿದ ಹಣದ ಒಂದು ಭಾಗವನ್ನು ಅದೇ ಬಗೆಯಲ್ಲಿ ಊರಿನ ಬಳಕೆದಾರರ ಸಂಘದ ಹೆಸರಿನಲ್ಲಿ ಠೇವಣಿಯಿಟ್ಟು, ಬಡ್ಡಿಯನ್ನು ತೂಬು ಕಾಯುವವನ ಸಂಬಳಕ್ಕೂ ಏರಿಯ ಮಣ್ಣಿಗೂ ಮೀಸಲಿಟ್ಟರೆ ದಾನದ ಫಲಕದ ಮೇಲೆ ಬರೆಯುವ ಮೊತ್ತ ಕೊಂಚ ಕಡಿಮೆಯಾದೀತು, ಅಷ್ಟೆ.