ಕಾವಲುಗಾರನ ವೇಷ: ‘ಚುಪ್ಕೆ ಚುಪ್ಕೆ’ಯ ಕಡೆಗಣಿತ ಸಾಕ್ಷ್ಯವೊಂದು

ಹೃಷಿಕೇಶ ಮುಖರ್ಜಿಯವರ ‘ಚುಪ್ಕೆ ಚುಪ್ಕೆ’ (1975) ಶುದ್ಧ ಹಿಂದಿಯ ಗೀಳನ್ನು ಗೇಲಿ ಮಾಡುವ ಚಿತ್ರ ಎಂಬ ಮಾತು ಎಷ್ಟು ಸವೆದಿದೆಯೆಂದರೆ, ಅದನ್ನು ಪರೀಕ್ಷಿಸುವ ಗೋಜಿಗೇ ಈಗ ಯಾರೂ ಹೋಗುವುದಿಲ್ಲ. ಈ ಓದಿಗೆ ಆಧಾರ, ಚಾಲಕ ಪ್ಯಾರೇ ಮೋಹನನ ಸಂಸ್ಕೃತಭರಿತ ಮಾತು ಮತ್ತು ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಅವನು ಎತ್ತುವ ತರಲೆ ಪ್ರಶ್ನೆಗಳು. ಅವು ನಗಿಸುತ್ತವೆ, ಒಪ್ಪಿದೆ. ಆದರೆ ಭಾಷೆ ಗೇಲಿಗೆ ನಿಲುಕದಷ್ಟು ದೊಡ್ಡದು ಎಂಬ ಅರ್ಥದ ಮಾತು ಚಿತ್ರದೊಳಗೇ ಬರುತ್ತದೆ. ಭಾಷಾವಿಡಂಬನೆಯ ಪಕ್ಷದವರು ಅದನ್ನು ಉಲ್ಲೇಖಿಸಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೂಲವನ್ನು ನೋಡಿದರೂ ಆ ವಾದ ನಿಲ್ಲುವುದಿಲ್ಲ. ಕಥೆ ಉಪೇಂದ್ರನಾಥ ಗಂಗೋಪಾಧ್ಯಾಯರದು. ಬಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯನ್ನು ಧಾರಾವಾಹಿಯಾಗಿ ಹೊರತಂದ ‘ವಿಚಿತ್ರಾ’ ಪತ್ರಿಕೆಯ ಸಂಪಾದಕರು ಅವರು. ಹಿಂದಿಗೆ ಬರುವ ಮುನ್ನ, 1971ರಲ್ಲಿ, ಅಗ್ರದೂತ್ ನಿರ್ದೇಶನದಲ್ಲಿ ಉತ್ತಮ್ ಕುಮಾರ್ ಮತ್ತು ಮಾಧವಿ ಮುಖರ್ಜಿ ನಟಿಸಿದ ‘ಛದ್ಮಬೇಶಿ’ಯಾಗಿ ಅದು ಬಂಗಾಳಿ ಪರದೆಯನ್ನು ಕಂಡಿತ್ತು. ಬಂಗಾಳದಲ್ಲಿ ಹುಟ್ಟಿ, ಬಂಗಾಳದಲ್ಲೇ ಗೆದ್ದ ಕಥೆಗೆ ಹಿಂದಿಯ ಮಡಿವಂತಿಕೆ ಬೀಜವಾಗಿರಲು ಸಾಧ್ಯವಿಲ್ಲ. ಗುಲ್ಜಾರರ ಸಂಭಾಷಣೆ ಅದಕ್ಕೆ ಒಗ್ಗರಣೆ ಹಾಕಿತು, ಅಷ್ಟೇ.

ಹಾಗಾದರೆ ಬೀಜ ಎಲ್ಲಿದೆ? ಎಲ್ಲರೂ ಪೀಠಿಕೆಯೆಂದು ಹಾರಿಸಿಬಿಡುವ ಆರಂಭದ ಪ್ರಸಂಗದಲ್ಲಿದೆ ಎಂಬುದು ನನ್ನ ವಾದ.

ಸಸ್ಯಶಾಸ್ತ್ರದ ಪ್ರೊಫೆಸರ್ ಪರಿಮಳ ತ್ರಿಪಾಠಿ (ಧರ್ಮೇಂದ್ರ) ಬಂಗಲೆಯೊಂದರಲ್ಲಿ ತಂಗಿದ್ದಾನೆ. ಅಲ್ಲಿನ ಮುದಿ ಕಾವಲುಗಾರನ ಮೊಮ್ಮಗನಿಗೆ ಹುಷಾರಿಲ್ಲ. ಊರಿಗೆ ಹೋದರೆ ಕೆಲಸಕ್ಕೆ ಸಂಚಕಾರ. ಪರಿಮಳ ಮುದುಕನನ್ನು ಊರಿಗೆ ಕಳಿಸಿ, ಅವನ ವೇಷ ತೊಟ್ಟು, ಅವನ ಜಾಗದಲ್ಲಿ ನಿಲ್ಲುತ್ತಾನೆ. ಕಾಲೇಜಿನ ಹುಡುಗಿಯರೊಂದಿಗೆ ಸಸ್ಯವೀಕ್ಷಣೆಗೆ ಬಂದ ಸುಲೇಖಾ (ಶರ್ಮಿಳಾ ಟಾಗೋರ್) ಅವನನ್ನು ಕಾವಲುಗಾರನೆಂದೇ ನಂಬುತ್ತಾಳೆ. ಅಸಲಿ ಮುದುಕ ಕದ್ದುಮುಚ್ಚಿ ಬಂಗಲೆಗೆ ಮರಳುವುದು ಅವಳ ಕಣ್ಣಿಗೆ ಬಿದ್ದಾಗ ಗುಟ್ಟು ರಟ್ಟಾಗುತ್ತದೆ. ಆ ಗುಣಕ್ಕೆ ಮನಸೋತೇ ಅವಳು ಅವನನ್ನು ಮದುವೆಯಾಗುವುದು.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಚಿತ್ರದ ಮೊದಲ ವೇಷ ಚೇಷ್ಟೆಗಾಗಿ ಹುಟ್ಟಿದ್ದಲ್ಲ, ಇನ್ನೊಬ್ಬನ ಅನ್ನ ಉಳಿಸಲು ಹುಟ್ಟಿದ್ದು. ಎರಡು, ಅದರಿಂದ ಯಾರಿಗೂ ನೋವಿಲ್ಲ. ಮೂರು, ಪ್ರೊಫೆಸರನ ಮುಖ ಯಾರಿಗೂ ಕಾಣದಿರಲು ಕಾವಲುಗಾರನ ಬಟ್ಟೆಯೊಂದೇ ಸಾಕಾಯಿತು. ಆಳಿನ ಮುಖವನ್ನು ಯಾರು ತಾನೇ ದಿಟ್ಟಿಸಿ ನೋಡುತ್ತಾರೆ? ವಿರಾಟಪರ್ವ ಬಲ್ಲ ನಮಗೆ ಇದು ಹೊಸದಲ್ಲ. ಸೌಟು ಹಿಡಿದ ಭೀಮನನ್ನು ಮತ್ಸ್ಯನಗರವೂ ಬಾಣಸಿಗನೆಂದೇ ಕಂಡಿತ್ತು.

ಈ ಮೂರನೆಯ ಅಂಶವನ್ನು ಬಿಟ್ಟರೆ ಮುಂದಿನ ಕಥೆಯೇ ಅರ್ಥವಾಗದು. ಸುಲೇಖಾಗೆ ಅಕ್ಕನ ಗಂಡ ರಾಘವೇಂದ್ರನೆಂದರೆ (ಓಂ ಪ್ರಕಾಶ್) ದೇವರ ಸಮಾನ. ಭಾವನ ಬುದ್ಧಿವಂತಿಕೆಯ ಹೊಗಳಿಕೆ ಕೇಳಿ ಕೇಳಿ ಬೇಸತ್ತ ಪರಿಮಳ, ಷಡ್ಡಕನ ಮನೆಗೆ ಪ್ಯಾರೇ ಮೋಹನನೆಂಬ ಹೆಸರಿನ ಚಾಲಕನಾಗಿ ಹೊಕ್ಕು ಅವನನ್ನು ಬೇಸ್ತು ಬೀಳಿಸಲು ಹೊರಡುತ್ತಾನೆ. ಆಮೇಲೆ ಹೆಂಡತಿ ಬಂದು ಚಾಲಕನ ಜೊತೆ ಸಲಿಗೆಯಿಂದಿರುವಂತೆ ನಟಿಸಿದಾಗ ಮನೆಯ ಮಾನ ಬೀದಿಗೆ ಬಂತೆಂದು ರಾಘವೇಂದ್ರ ಒದ್ದಾಡುತ್ತಾನೆ. ಅವನ ಕಣ್ಣೆದುರು ಇರುವುದು ಗಂಡ ಹೆಂಡತಿಯೇ. ಮನೆತನದ ಮರ್ಯಾದೆಯೆಂಬುದು ಚಾಲಕನ ಸಮವಸ್ತ್ರದ ಮೇಲೆ ನಿಂತಿದೆ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ತೋರಿಸುವುದು ಕಷ್ಟ.

ಆದ್ದರಿಂದ ಈ ಚಿತ್ರವನ್ನೂ ಗುಲ್ಜಾರರೇ ನಿರ್ದೇಶಿಸಿದ ‘ಅಂಗೂರ್’ (1982) ಚಿತ್ರವನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ. ಶೇಕ್ಸ್‌ಪಿಯರನಿಂದ ಬಂದ ‘ಅಂಗೂರ್’ನಲ್ಲಿ ಗೊಂದಲವಾಗುವುದು ಮುಖದಿಂದ. ಅವಳಿಗಳು ಯಾರಿಗೂ ಸುಳ್ಳು ಹೇಳುವುದಿಲ್ಲ. ‘ಚುಪ್ಕೆ ಚುಪ್ಕೆ’ಯಲ್ಲಿ ಗೊಂದಲವಾಗುವುದು ಬಟ್ಟೆಯಿಂದ, ಮತ್ತು ಸುಲೇಖಾಳ ಅಣ್ಣ ಹರಿಪದನಿಂದ ಹಿಡಿದು ಗೆಳೆಯ ಶ್ರೀವಾಸ್ತವನವರೆಗೆ ಎಲ್ಲರೂ ತಿಳಿದೇ ಸುಳ್ಳು ಹೇಳುತ್ತಾರೆ.

ನನ್ನ ವಾದಕ್ಕೆ ಒಂದು ತೊಡಕಿದೆ, ಅದನ್ನು ಮುಚ್ಚಿಡಲಾರೆ. ಮೊದಲ ವೇಷ ಕಾವಲುಗಾರನ ಕೆಲಸ ಉಳಿಸಿತು. ಎರಡನೆಯದು? ಹಳೆಯ ಚಾಲಕ ಜೇಮ್ಸ್ ಡಿಕೋಸ್ಟಾನ (ಕೆಷ್ಟೊ ಮುಖರ್ಜಿ) ಹಿಂದಿ ಸರಿಯಿಲ್ಲವೆಂದೇ ರಾಘವೇಂದ್ರ ಹೊಸಬನನ್ನು ಹುಡುಕಿದ್ದು. ದುಡಿಯುವವನೊಬ್ಬನ ಜಾಗದತ್ತ ಪ್ರೊಫೆಸರ್ ಮೋಜಿಗಾಗಿ ಕೈಚಾಚುತ್ತಾನೆ. ಬಂಗಲೆಯಲ್ಲಿದ್ದ ಕರುಣೆ ಮುಂಬಯಿಗೆ ಬರುವಷ್ಟರಲ್ಲಿ ತೆಳುವಾಗಿದೆ. ಆದರೆ ಈ ಇಳಿಜಾರು ಕಾಣಿಸುವುದೂ ಪೀಠಿಕೆಯನ್ನು ಲೆಕ್ಕಕ್ಕೆ ಹಿಡಿದವರಿಗೆ ಮಾತ್ರ.

ಇಳಿಜಾರಿನ ತುದಿಯಲ್ಲಿ ವಸುಧಾ (ಜಯಾ ಭಾದುರಿ) ಇದ್ದಾಳೆ. ಇಂಗ್ಲಿಷ್ ಸಾಹಿತ್ಯದ ಪ್ರೊಫೆಸರ್ ಸುಕುಮಾರ (ಅಮಿತಾಭ್ ಬಚ್ಚನ್) ಪರಿಮಳನ ಹೆಸರು ಹೊತ್ತು ತಿರುಗುವಾಗ ಮೋಸಹೋಗುವವಳು ಅವಳು. ರಾಘವೇಂದ್ರನಿಗೆ ಜಂಬವಾದರೂ ಇತ್ತು; ಈ ಹುಡುಗಿ ಮಾಡಿದ ತಪ್ಪೇನು? ಅವಳ ಮೇಲೆ ಮನಸ್ಸಾದಾಗ ಸುಕುಮಾರ ತಾನಾಗಿಯೇ ನಿಜ ಹೇಳಿಬಿಡುತ್ತಾನೆ. ನಿರಪರಾಧಿಗೆ ನೋವಾಗುವಲ್ಲಿ ವೇಷ ಕಳಚಬೇಕೆಂಬುದು ಕಾವಲುಗಾರನ ಪ್ರಸಂಗ ಹಾಕಿಕೊಟ್ಟ ನಿಯಮ. ದೇವಸ್ಥಾನದ ಮದುವೆಯಲ್ಲಿ ರಾಘವೇಂದ್ರ ಸೋಲೊಪ್ಪಿಕೊಳ್ಳುವುದನ್ನೇ ತಿರುವು ಎನ್ನುವವರು ಈ ಮೊದಲಿನ ತಪ್ಪೊಪ್ಪಿಗೆಯನ್ನು ಕಂಡಿಲ್ಲ.

ಹೃಷಿದಾರ ಮೇಲಿನ ಅಭಿಮಾನದಿಂದ ಹೀಗೆ ಓದುತ್ತಿದ್ದೇನೆ ಎನ್ನಬಹುದು. ಅಭಿಮಾನವನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರ ಮೂರು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ‘ಬಾವರ್ಚಿ’ಯಲ್ಲಿ (1972) ಒಡೆದ ಮನೆಯನ್ನು ಕೂಡಿಸಲು ಒಬ್ಬ ಅಡುಗೆಯವನಾಗಿ ಬರುತ್ತಾನೆ. ‘ಚುಪ್ಕೆ ಚುಪ್ಕೆ’ಯಲ್ಲಿ ಕಾವಲುಗಾರ, ಚಾಲಕ. ‘ಗೋಲ್‌ಮಾಲ್’ಗೆ (1979) ಬರುವಷ್ಟರಲ್ಲಿ ವೇಷ ತೊಡುವವನೇ ನೌಕರ, ಉಳಿಸಿಕೊಳ್ಳಬೇಕಾದದ್ದು ಸ್ವಂತ ಕೆಲಸ. ಏಳು ವರ್ಷಗಳಲ್ಲಿ ಪರೋಪಕಾರದ ವೇಷ ಹೊಟ್ಟೆಪಾಡಿನ ವೇಷವಾಯಿತು. ‘ಮನೆಮಂದಿಯೆಲ್ಲ ಕೂತು ನೋಡುವ ಶುಚಿ ಹಾಸ್ಯ’ ಎಂಬ ಹಣೆಪಟ್ಟಿ ಈ ಚಲನೆಯನ್ನು ಮುಚ್ಚಿಹಾಕುತ್ತದೆ. ಮುಂದಿನ ಅಧ್ಯಯನಗಳು ಪ್ಯಾರೇ ಮೋಹನನ ಶಬ್ದಭಂಡಾರವನ್ನು ಬಿಟ್ಟು, ಈ ಚಿತ್ರಗಳಲ್ಲಿ ಯಾರ ಕೆಲಸ ಯಾರ ಕೈಯಲ್ಲಿದೆ ಎಂಬುದನ್ನು ಕೇಳುವುದು ಒಳ್ಳೆಯದು.